ವೆಬ್‌ಸೈಟ್ ಮುಂದೆ ತಡವರಿಸುವವರು ದಡ್ಡರಲ್ಲ

ಒಂದು ಕಾಲದಲ್ಲಿ ದೊಡ್ಡ ಆಸ್ಪತ್ರೆಗೆ ಹೋಗುವುದೆಂದರೆ ಬೆಳಗಿನ ಮೊದಲ ಬಸ್ಸು ಹಿಡಿದು, ಚೀಟಿಯ ಸರದಿಯಲ್ಲಿ ನಿಂತು, ಹೆಸರು ಕರೆಯುವವರೆಗೂ ಬೆಂಚಿನ ಮೇಲೆ ಕಾದು ಕುಳಿತುಕೊಳ್ಳುವುದು ಎಂದರ್ಥವಾಗಿತ್ತು. ಇಂದು ಆ ಸರದಿಯ ಒಂದು ಭಾಗ ಮೊಬೈಲಿನ ಪರದೆಯೊಳಗೆ ಹೊಕ್ಕಿದೆ. ವೈದ್ಯರ ಭೇಟಿಯ ಸಮಯ ಗೊತ್ತುಪಡಿಸಿಕೊಳ್ಳುವುದು, ರಕ್ತಪರೀಕ್ಷೆಯ ವರದಿ ಪಡೆಯುವುದು, ಆಯುಷ್ಮಾನ್ ಕಾರ್ಡು ಮಾಡಿಸುವುದು, ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕುವುದು ಇವೆಲ್ಲ ವೆಬ್‌ಸೈಟ್ ಮೂಲಕ ನಡೆಯುತ್ತಿವೆ. ಬಸ್ ಚಾರ್ಜು, ಸಮಯ, ಒಂದು ದಿನದ ಕೂಲಿ ಎಲ್ಲವೂ ಉಳಿಯುವುದರಿಂದ ಇದು ಒಳ್ಳೆಯದೇ. ಆದರೆ ಆ ವೆಬ್‌ಸೈಟನ್ನು ಬಳಸಲು ಸಾಧ್ಯವಾದರೆ ಮಾತ್ರ.

ಕಿತ್ತೂರಿನ ಹತ್ತಿರದ ನಮ್ಮ ದೇಗಾಂವದಂಥ ಊರುಗಳಲ್ಲಿ ವೈದ್ಯರ ಬಳಿ ಬರುವ ಹಿರಿಯರ ಕೈಯಲ್ಲಿ ಇಂದು ಔಷಧಿಯ ಚೀಟಿಯ ಜೊತೆ ಮೊಬೈಲೂ ಇರುತ್ತದೆ. “ಸಾಹೇಬ್ರ, ದೊಡ್ಡ ದವಾಖಾನಿ ಚೀಟಿ ಇದರಾಗ ತಗೀಬೇಕಂತ್ರಿ. ಎರಡ ದಿನದಿಂದ ಒತ್ತಾಕತ್ತೀನಿ, ಮುಂದಕ್ಕ ಹೋಗವಲ್ದು. ನಾವೇನು ಸಾಲಿ ಕಲ್ತವ್ರಲ್ಲ, ನಮಗೆಲ್ಲಿ ತಿಳೀತೈತ್ರಿ” ಎಂಬ ಮಾತು ಆಗಾಗ ಕೇಳಿಬರುತ್ತದೆ.

ಈ ಮಾತಿನ ಕೊನೆಯ ಭಾಗವೇ ಇಂದಿನ ಲೇಖನಕ್ಕೆ ಕಾರಣ. ವೆಬ್‌ಸೈಟ್ ಮುಂದಕ್ಕೆ ಹೋಗದಿದ್ದರೆ ಹಿರಿಯರು ತಪ್ಪನ್ನು ತಮ್ಮ ತಲೆಯ ಮೇಲೆಯೇ ಹಾಕಿಕೊಳ್ಳುತ್ತಾರೆ. ಮನೆಯ ಮಕ್ಕಳೂ “ನಿನಗ ತಿಳ್ಯಂಗಿಲ್ಲ, ಬಿಡು ಅಜ್ಜಾ” ಎಂದು ಮೊಬೈಲ್ ಕಸಿದುಕೊಳ್ಳುತ್ತಾರೆ. ವೈದ್ಯಕೀಯ ದೃಷ್ಟಿಯಿಂದ ನೋಡಿದರೆ ಬಹಳಷ್ಟು ಸಂದರ್ಭಗಳಲ್ಲಿ ತೊಂದರೆ ಇರುವುದು ಬುದ್ಧಿಯಲ್ಲಿ ಅಲ್ಲ. ಮಸುಕಾದ ಕಣ್ಣು, ಒಣಗಿದ ಬೆರಳು, ಆತಂಕಗೊಂಡ ಮನಸ್ಸು ಇವುಗಳನ್ನು ಗಮನಕ್ಕೆ ತಂದುಕೊಳ್ಳದೆ ಪುಟವನ್ನು ರಚಿಸಿರುವುದರಲ್ಲಿ ತೊಂದರೆ ಇದೆ. ಆಸ್ಪತ್ರೆಯ ವೆಬ್‌ಸೈಟಿಗೆ ಬರುವವನು ಆರೋಗ್ಯವಂತನಲ್ಲ, ರೋಗಿ. ಆದ್ದರಿಂದ ರೋಗಿಯ ದೇಹವೇ ಆ ಪುಟದ ಅಳತೆಗೋಲಾಗಬೇಕು.

ಲಸಿಕೆಯ ದಿನಗಳ ಪಾಠ

ಇದು ಎಷ್ಟು ಗಂಭೀರ ವಿಷಯವೆಂಬುದನ್ನು ಕೊರೋನಾ ಕಾಲ ನಮಗೆ ತೋರಿಸಿಕೊಟ್ಟಿತು. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಲಸಿಕೆ ಹಾಕುವ ಕಾರ್ಯ ಆರಂಭವಾಯಿತು. ನೋಂದಣಿಗಾಗಿ ‘ಕೋವಿನ್’ ಎಂಬ ವೆಬ್‌ಸೈಟ್ ಇತ್ತು. ಅದೇ ವರ್ಷ ಮೇ 1ರಿಂದ 18ರಿಂದ 44 ವರ್ಷದವರಿಗೂ ಲಸಿಕೆ ಆರಂಭವಾದಾಗ, ಮೊದಲಿಗೆ ಅವರು ಈ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ ಸಮಯ ಗೊತ್ತುಪಡಿಸಿಕೊಂಡೇ ಬರಬೇಕೆಂಬ ನಿಯಮವಿತ್ತು. ಆಗ ಪುಟ ಕನ್ನಡದಲ್ಲಿ ಇರಲಿಲ್ಲ. ವೇಗದ ಇಂಟರ್‌ನೆಟ್ ಇದ್ದವರು, ಬೆರಳು ಚುರುಕಾಗಿದ್ದವರು ಕ್ಷಣಾರ್ಧದಲ್ಲಿ ಸಮಯ ಹಿಡಿದುಕೊಂಡರು. ಉಳಿದವರು ಪುಟ ತೆರೆಯುವಷ್ಟರಲ್ಲಿ ಜಾಗ ತುಂಬಿಹೋಗಿರುತ್ತಿತ್ತು.

2021ರ ಮೇ 31ರ ತನ್ನ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯವನ್ನು ಪ್ರಸ್ತಾಪಿಸಿತು. ಇಂಟರ್‌ನೆಟ್ ಇಲ್ಲದವರ ಕಷ್ಟವನ್ನಷ್ಟೇ ಅಲ್ಲ, ಪುಟದ ರಚನೆಯ ದೋಷಗಳನ್ನೂ ಅದು ಗುರುತಿಸಿತು. ದೃಷ್ಟಿಹೀನರಿಗೆ ಓದಲಾಗದ ಅಡ್ಡಾದಿಡ್ಡಿ ಅಕ್ಷರಗಳ ಪರೀಕ್ಷೆಗೆ ಬದಲಿ ವ್ಯವಸ್ಥೆ ಇಲ್ಲದಿರುವುದು, ವಯಸ್ಸು ಮತ್ತು ಲಸಿಕೆಯ ಹೆಸರು ಆರಿಸುವ ಗುಂಡಿಗಳು ಎಲ್ಲರಿಗೂ ಬಳಸುವಂತಿಲ್ಲದಿರುವುದು, ಉತ್ತರ ತುಂಬಲು ಸಾಕಷ್ಟು ಸಮಯ ಕೊಡದೆ ಪುಟ ಮುಚ್ಚಿಹೋಗುವುದು, ಬಣ್ಣಗಳ ವ್ಯತ್ಯಾಸ ಸ್ಪಷ್ಟವಿಲ್ಲದಿರುವುದು ಇವೆಲ್ಲ ಆದೇಶದಲ್ಲಿ ದಾಖಲಾದವು. ಜೂನ್ ಮೊದಲ ವಾರದ ಹೊತ್ತಿಗೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಪುಟ ದೊರೆಯಿತು. ಜೂನ್ 21ರಿಂದ ಜಾರಿಗೆ ಬಂದ ಹೊಸ ನಿಯಮದಂತೆ ಲಸಿಕಾ ಕೇಂದ್ರಕ್ಕೆ ನೇರವಾಗಿ ಹೋಗಿ ಹೆಸರು ಬರೆಸುವ ಅವಕಾಶವೂ ಎಲ್ಲರಿಗೂ ಸಿಕ್ಕಿತು.

ಶ್ರೀಮಂತ ದೇಶಗಳೂ ಇದಕ್ಕೆ ಹೊರತಲ್ಲ. ಅಮೆರಿಕದಲ್ಲಿ ಆರೋಗ್ಯ ವಿಮೆ ಕೊಳ್ಳುವ ಸರಕಾರಿ ವೆಬ್‌ಸೈಟ್ 2013ರ ಅಕ್ಟೋಬರ್ 1ರಂದು ಆರಂಭವಾದಾಗ ಲಕ್ಷಾಂತರ ಜನ ಅದರ ಬಾಗಿಲು ಬಡಿದರು. ಮೊದಲ ದಿನ ನೋಂದಣಿಯನ್ನು ಕೊನೆಯವರೆಗೆ ಪೂರೈಸಲು ಸಾಧ್ಯವಾದದ್ದು 6 ಮಂದಿಗೆ ಮಾತ್ರ. ಅವರೆಲ್ಲರೂ ದಡ್ಡರೆಂದು ಯಾರೂ ಹೇಳಲಿಲ್ಲ. ವೆಬ್‌ಸೈಟನ್ನೇ ದುರಸ್ತಿ ಮಾಡಿದರು.

ಕಣ್ಣು ಏನನ್ನು ಕಾಣುತ್ತದೆ?

ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ತನ್ನ ಸ್ಥಿತಿಸ್ಥಾಪಕತೆಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಹತ್ತಿರದ ಸಣ್ಣ ಅಕ್ಷರ ಮಸುಕಾಗುತ್ತದೆ. ಇದನ್ನೇ ನಾವು ಚಾಳೀಸು ಎನ್ನುತ್ತೇವೆ. ಇದು ರೋಗವಲ್ಲ, ವಯೋಸಹಜ ಬದಲಾವಣೆ. ಪತ್ರಿಕೆಯನ್ನು ತೋಳು ಚಾಚಿ ದೂರ ಹಿಡಿದು ಓದಬಹುದು. ಆದರೆ ಅಂಗೈಯಗಲದ ಮೊಬೈಲನ್ನು ದೂರ ಹಿಡಿದರೆ ಅಕ್ಷರ ಇನ್ನೂ ಚಿಕ್ಕದಾಗಿ ಕಾಣುತ್ತದೆ.

ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ತರುಣನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಅರವತ್ತರ ವೃದ್ಧನ ಅಕ್ಷಿಪಟಲವನ್ನು ತಲುಪುತ್ತದೆ. ಪೊರೆ ಬಂದಿದ್ದರೆ ಬಿಳಿಯ ಹಿನ್ನೆಲೆಯ ಮೇಲಿನ ತಿಳಿಬೂದು ಅಕ್ಷರ ಕರಗಿಹೋದಂತೆ ಭಾಸವಾಗುತ್ತದೆ. ಮಧುಮೇಹಿಗಳಲ್ಲಿ ಸಕ್ಕರೆಯ ಪ್ರಮಾಣ ಏರಿಳಿದಂತೆ ದೃಷ್ಟಿಯೂ ಏರುಪೇರಾಗುವುದುಂಟು. ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ಹತ್ತಿರದ ಅಥವಾ ದೂರದ ದೃಷ್ಟಿಯ ದೋಷವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಇದು ಎಲ್ಲೋ ಒಬ್ಬರ ಸಮಸ್ಯೆಯಲ್ಲ.

ವೆಬ್ ಪುಟಗಳ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲಿಯೇ ಅಂಗವಿಕಲರಿಗೂ ಅನುಕೂಲವಾಗುವ ಪುಟ ಹೇಗಿರಬೇಕೆಂದು ಮಾರ್ಗಸೂಚಿ ಹೊರಡಿಸಿತು. ಆ ಮಾರ್ಗಸೂಚಿಯ ಈಗಿನ ರೂಪದಂತೆ ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಇರುವ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. ಬಿಳಿಯ ಮೇಲೆ ಅಚ್ಚಕಪ್ಪು ಬರೆದರೆ ಈ ಅನುಪಾತ 21ಕ್ಕೆ 1. ಅಂದ ನೋಡಿ ತಿಳಿಬಣ್ಣ ಬಳಸುವವರು ಈ ಲೆಕ್ಕವನ್ನು ಮರೆಯಬಾರದು.

ಇನ್ನು ಬಣ್ಣಗುರುಡು. ಕೆಂಪು ಹಸಿರುಗಳ ಭೇದ ಕಾಣದ ಈ ಹುಟ್ಟುದೋಷ ಗಂಡಸರಲ್ಲಿ ಹೆಚ್ಚು. ‘ಕೆಂಪು ಗುರುತಿರುವ ಜಾಗಗಳನ್ನು ಕಡ್ಡಾಯವಾಗಿ ತುಂಬಿರಿ’ ಎಂದು ಬರೆದರೆ ಇಂಥವರು ಯಾವುದನ್ನು ತುಂಬಬೇಕು? ಬಣ್ಣದ ಜೊತೆ ‘ಕಡ್ಡಾಯ’ ಎಂಬ ಪದವನ್ನೂ ಬರೆದರೆ ಆಯಿತು.

ಬೆರಳು ಏನನ್ನು ಒತ್ತುತ್ತದೆ?

ಮೊಬೈಲಿನ ಪರದೆ ಚರ್ಮದ ವಿದ್ಯುತ್ ವಾಹಕ ಗುಣದಿಂದ ಸ್ಪರ್ಶವನ್ನು ಗುರುತಿಸುತ್ತದೆ. ಕುಡುಗೋಲು, ಸಲಿಕೆ ಹಿಡಿದು ಜಡ್ಡುಗಟ್ಟಿದ, ವಯಸ್ಸಿನಿಂದ ಒಣಗಿದ ಬೆರಳ ತುದಿಯನ್ನು ಅದು ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಅಜ್ಜ ಇನ್ನಷ್ಟು ಬಲವಾಗಿ ಒತ್ತುತ್ತಾನೆ. ಒತ್ತಿ ಹಿಡಿದರೆ ಬೇರೊಂದೇನೋ ತೆರೆದುಕೊಳ್ಳುತ್ತದೆ. ಅಜ್ಜ ಗಾಬರಿಯಾಗಿ ಮೊಬೈಲನ್ನೇ ಕೆಳಗಿಡುತ್ತಾನೆ.

ಕೈನಡುಕ, ಸಂಧಿವಾತ, ಪಾರ್ಕಿನ್ಸನ್ ಕಾಯಿಲೆ, ಪಾರ್ಶ್ವವಾಯುವಿನಿಂದ ದುರ್ಬಲವಾದ ಕೈ, ಮಧುಮೇಹದಿಂದ ಸ್ಪರ್ಶಜ್ಞಾನ ಕುಗ್ಗಿದ ಬೆರಳು ಇವೆಲ್ಲ ದಿನನಿತ್ಯ ನಾವು ನೋಡುವ ತೊಂದರೆಗಳು. ‘ಸರಿ’ ಎಂಬ ಗುಂಡಿಯ ಪಕ್ಕದಲ್ಲಿಯೇ ‘ರದ್ದು’ ಎಂಬ ಗುಂಡಿ ಜೋಳದ ಕಾಳಿನಷ್ಟು ಚಿಕ್ಕದಾಗಿ ಅಂಟಿಕೊಂಡಿದ್ದರೆ ನಡುಗುವ ಬೆರಳು ಯಾವುದನ್ನು ಮುಟ್ಟೀತು? ಅರ್ಧ ಗಂಟೆ ಕುಳಿತು ತುಂಬಿದ ಅರ್ಜಿ ಒಂದು ತಪ್ಪು ಸ್ಪರ್ಶಕ್ಕೆ ಅಳಿಸಿಹೋಗುತ್ತದೆ. ಗುಂಡಿಗಳು ದೊಡ್ಡದಿರಬೇಕು, ನಡುವೆ ಅಂತರವಿರಬೇಕು. ಅಳಿಸುವ ಮುನ್ನ ‘ನಿಜವಾಗಿಯೂ ರದ್ದು ಮಾಡಬೇಕೆ?’ ಎಂದು ಕೇಳಬೇಕು.

ನೆನಪು, ಆತಂಕ ಮತ್ತು ಆರು ಅಂಕೆಗಳು

ಮನುಷ್ಯನ ತಾತ್ಕಾಲಿಕ ನೆನಪಿನ ಬುಟ್ಟಿ ಬಹಳ ಚಿಕ್ಕದು. 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅದರಲ್ಲಿ ಸುಮಾರು 7 ವಿಷಯಗಳು ಹಿಡಿಯುತ್ತವೆ ಎಂದು ಬರೆದರು. ನಂತರದ ಸಂಶೋಧಕರು ಅದು ನಾಲ್ಕರ ಆಸುಪಾಸು ಎನ್ನುತ್ತಾರೆ. ಮೊಬೈಲಿಗೆ ಬಂದ 6 ಅಂಕೆಗಳ ಗುಪ್ತಸಂಖ್ಯೆಯನ್ನು ಒಂದು ಕಡೆ ಓದಿ, ನೆನಪಿಟ್ಟುಕೊಂಡು, ಇನ್ನೊಂದು ಪುಟಕ್ಕೆ ಬಂದು, ಸಮಯ ಮುಗಿಯುವುದರೊಳಗೆ ತುಂಬುವುದು ಎಪ್ಪತ್ತರ ಹಿರಿಯರಿಗೆ ಸಣ್ಣ ಪರೀಕ್ಷೆಯೇನಲ್ಲ. ಜ್ವರ, ನೋವು, ನಿದ್ರೆಗೇಡು, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದ ಚಿಂತೆ ಇವುಗಳಿಂದ ಗಮನ ಇನ್ನಷ್ಟು ಕುಗ್ಗುತ್ತದೆ. ಓದು ಬಲ್ಲ ತರುಣನೂ ತಾಯಿಯನ್ನು ತುರ್ತು ವಿಭಾಗದಲ್ಲಿ ಮಲಗಿಸಿ ಹೊರಗೆ ನಿಂತಾಗ ಸರಳ ವಾಕ್ಯವನ್ನು ಎರಡೆರಡು ಬಾರಿ ಓದಬೇಕಾಗುತ್ತದೆ.

ಇಲ್ಲಿ ನಮ್ಮೂರಿನದೇ ಒಂದು ಉದಾಹರಣೆ ಕೊಡಬಹುದು. ಹನ್ನೆರಡನೆಯ ಶತಮಾನದಲ್ಲಿ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿಯನ್ನು ನೋಡಲು ಪರಸ್ಥಳದವರು ದೇಗಾಂವಕ್ಕೆ ಬರುತ್ತಾರೆ. ಗುಡಿಗೆ ದಾರಿ ಯಾವುದೆಂದು ಕೇಳಿದರೆ ಕಟ್ಟೆಯ ಮೇಲೆ ಕುಳಿತವರು ಕೈ ಮಾಡಿ ತೋರಿಸುತ್ತಾರೆ. “ಮೊದಲ ನಿಮ್ಮ ಹೆಸರು, ಫೋನ್ ನಂಬರ್ ಹೇಳ್ರಿ, ಆಮ್ಯಾಲ ದಾರಿ ಹೇಳ್ತೀವಿ” ಎಂದು ಯಾರೂ ಹೇಳುವುದಿಲ್ಲ. ಆದರೆ ಎಷ್ಟೋ ವೆಬ್‌ಸೈಟುಗಳು ಹಾಗೆಯೇ ಹೇಳುತ್ತವೆ! ಮೂಳೆ ವೈದ್ಯರು ಯಾವ ವಾರ ಬರುತ್ತಾರೆ ಎಂಬಷ್ಟನ್ನು ತಿಳಿಯಲು ಹೆಸರು, ಇ-ಮೇಲ್, ಗುಪ್ತಪದ ಎಲ್ಲವನ್ನೂ ಕೊಡಬೇಕಾಗುತ್ತದೆ. ಕೇಳಿದ್ದಕ್ಕೆ ಮೊದಲು ಉತ್ತರ, ಆಮೇಲೆ ಅಗತ್ಯವಿದ್ದರೆ ಮಾತ್ರ ವಿವರ. ಇದೇ ಸರಿಯಾದ ಕ್ರಮ.

ಮಿನುಗುವ ಪುಟದ ಅಪಾಯ

ಪುಟ ಆಕರ್ಷಕವಾಗಿರಲೆಂದು ಓಡುವ ಅಕ್ಷರ, ಮಿನುಗುವ ಚಿತ್ರ ಹಾಕುವ ಚಟ ಹಲವರಿಗಿದೆ. ತಲೆಸುತ್ತು ಇರುವವರಿಗೆ, ಅರೆತಲೆನೋವಿನವರಿಗೆ ಇದು ಹಿಂಸೆ. ಅಪಸ್ಮಾರ ಅಥವಾ ಮೂರ್ಛೆರೋಗ ಇರುವ ಕೆಲವರಿಗೆ ಮಿನುಗುವ ಬೆಳಕಿನಿಂದಲೇ ಸೆಳವು ಬರಬಹುದು. 1997ರ ಡಿಸೆಂಬರ್ 16ರಂದು ಜಪಾನಿನ ದೂರದರ್ಶನದಲ್ಲಿ ‘ಪೋಕೆಮಾನ್’ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಅತಿವೇಗವಾಗಿ ಮಿನುಗಿದ್ದರಿಂದ ಸುಮಾರು 700 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರಲ್ಲಿ ಬಹುಪಾಲು ಮಕ್ಕಳು. ಪುಟದ ಯಾವ ಭಾಗವೂ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಮಿನುಗಬಾರದು ಎಂಬ ನಿಯಮ ಇಂಥ ಅಪಾಯ ತಪ್ಪಿಸಲೆಂದೇ ಇದೆ.

ಕನ್ನಡ ಎಂದರೆ ಎಂಥ ಕನ್ನಡ?

ಪುಟ ಕನ್ನಡದಲ್ಲಿದ್ದರೆ ಸಾಕೆ? ಸಾಲದು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಸಾಕಷ್ಟು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಗಲಿ ಗೋಜಲಾಗುತ್ತದೆ. ಇಂಗ್ಲಿಷಿಗೆ ಸಾಕಾಗುವ ಅಕ್ಷರ ಗಾತ್ರ ಕನ್ನಡಕ್ಕೆ ಸಾಲದು. ‘ಅರ್ಧ’ ಮತ್ತು ‘ಅರ್ಥ’, ಇವೆರಡನ್ನೂ ಸಣ್ಣಕ್ಷರದಲ್ಲಿ ಬರೆದು ಚಾಳೀಸು ಬಂದವರಿಗೆ ಓದಲು ಕೊಟ್ಟು ನೋಡಿ.

ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಕೆಲವು ಮೊಬೈಲುಗಳಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತದೆ. ಯೂನಿಕೋಡಿನಲ್ಲಿ ಬರೆದರೆ ಈ ತೊಂದರೆ ಇಲ್ಲ. ಅದೇ ರೀತಿ ಕಾಗದದ ನೋಟೀಸಿನ ಫೋಟೋ ತೆಗೆದು ಪುಟಕ್ಕೆ ಅಂಟಿಸುವ ರೂಢಿಯೂ ಒಳ್ಳೆಯದಲ್ಲ. ಅಂಧರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಆ ಫೋಟೋ ಬರೀ ಚಿತ್ರ, ಅಕ್ಷರವಲ್ಲ. ಫೋನ್ ನಂಬರನ್ನು ಚಿತ್ರವಾಗಿ ಹಾಕಿದರೆ ಅದನ್ನು ಮುಟ್ಟಿ ಕರೆ ಮಾಡಲೂ ಆಗುವುದಿಲ್ಲ.

ಇನ್ನು ಪದಗಳು. ‘ಫಲಾನುಭವಿಯು ಸದರಿ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ದೃಢೀಕರಣ ಪ್ರಕ್ರಿಯೆಯನ್ನು ಪೂರ್ಣಗೊಳಿಸತಕ್ಕದ್ದು’ ಎಂದು ಬರೆಯುವ ಬದಲು ‘ನಿಮ್ಮ ಫೋನ್ ನಂಬರ್ ಹಾಕಿರಿ’ ಎಂದರೆ ಏನು ನಷ್ಟ? ರಕ್ತಪರೀಕ್ಷೆಯ ವರದಿಯಲ್ಲಿ ‘ಪಾಸಿಟಿವ್’ ಎಂದು ನೋಡಿ “ಚಲೋ ಬಂದೈತಿ ಅಲ್ರೀ?” ಎಂದು ಸಂತೋಷದಿಂದ ಕೇಳುವ ರೋಗಿಗಳಿದ್ದಾರೆ. ‘ಪಾಸಿಟಿವ್: ಸೋಂಕು ಇದೆ. ವೈದ್ಯರನ್ನು ಕಾಣಿರಿ’ ಎಂದು ಒಂದು ಸಾಲು ಸೇರಿಸಿದರೆ ಆ ತಪ್ಪು ತಿಳಿವಳಿಕೆ ಉಂಟಾಗದು.

ಪದದ ಅಸ್ಪಷ್ಟತೆ ಪ್ರಾಣಕ್ಕೂ ಕುತ್ತು ತರಬಲ್ಲದು. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು. ಅದನ್ನು ತಪ್ಪಿ ದಿನಾಲೂ ನುಂಗಿ ಮರಣ ಹೊಂದಿದ ಘಟನೆಗಳು ಜಗತ್ತಿನ ಹಲವು ದೇಶಗಳಲ್ಲಿ ದಾಖಲಾಗಿವೆ. ಆಸ್ಪತ್ರೆ ತನ್ನ ಪುಟದಲ್ಲಿ ಅಥವಾ ಸಂದೇಶದಲ್ಲಿ ಔಷಧಿಯ ವಿವರ ಕಳುಹಿಸುವಾಗ ‘ವಾರಕ್ಕೆ 1 ಸಲ, ಸೋಮವಾರ ಮಾತ್ರ’ ಎಂದು ವಾರದ ಹೆಸರು ಸಹಿತ ಬರೆಯಬೇಕು. ತಾರೀಖಿನ ವಿಷಯದಲ್ಲೂ ಅಷ್ಟೆ. 4-7 ಎಂದರೆ ಜುಲೈ ನಾಲ್ಕೋ ಏಪ್ರಿಲ್ ಏಳೋ? ‘ಜುಲೈ 4, ಶನಿವಾರ’ ಎಂಬಂತೆ ತಿಂಗಳು, ವಾರ ಎರಡನ್ನೂ ಬರೆದರೆ ಸಂಶಯವಿಲ್ಲ.

ಪುಟ ಮಾಡುವವರಿಗೆ ಹತ್ತು ಸೂತ್ರಗಳು

ಈ ಲೇಖನ ಓದುವ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಕಲಿತ ಮಕ್ಕಳಿದ್ದಾರೆ. ನಾಳೆ ಊರಿನ ದವಾಖಾನೆಗೋ ಔಷಧಿ ಅಂಗಡಿಗೋ ಪ್ರಯೋಗಾಲಯಕ್ಕೋ ಸಹಕಾರಿ ಸಂಘಕ್ಕೋ ವೆಬ್‌ಸೈಟ್ ಮಾಡಿಕೊಡುವವರು ಅವರೇ. ಅವರಿಗಾಗಿ ಇಲ್ಲಿವೆ ಕೆಲವು ಸೂಚನೆಗಳು.

1. ಆಸ್ಪತ್ರೆಯ ಪುಟದ ತಲೆಯ ಮೇಲೆಯೇ ತುರ್ತು ಫೋನ್ ನಂಬರ್, 108 ಆಂಬುಲೆನ್ಸ್ ನಂಬರ್ ಇರಲಿ. ಮುಟ್ಟಿದರೆ ಕರೆ ಹೋಗುವಂತಿರಲಿ.

2. ಜನ ಹೆಚ್ಚಾಗಿ ಕೇಳುವ ನಾಲ್ಕು ಪ್ರಶ್ನೆಗಳಿಗೆ ಮೊದಲ ಪುಟದಲ್ಲಿಯೇ ಉತ್ತರವಿರಲಿ. ಯಾವ ವೈದ್ಯರು, ಯಾವ ದಿನ, ಎಷ್ಟು ಹೊತ್ತಿಗೆ, ಶುಲ್ಕ ಎಷ್ಟು? ಸಂಸ್ಥೆಯ ಅಧ್ಯಕ್ಷರ ಭಾವಚಿತ್ರ ಆಮೇಲೆ ಬರಲಿ.

3. ಪರೀಕ್ಷೆಯ ಮುನ್ನ ಪಾಲಿಸಬೇಕಾದ ಸೂಚನೆ ಮೊದಲೇ ಕಾಣಲಿ. ಉಪವಾಸದ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನನ್ನೂ ತಿನ್ನಬಾರದು, ನೀರು ಕುಡಿಯಬಹುದು. ಇದು ಪುಟದ ಬುಡದಲ್ಲಿ ಅಡಗಿದ್ದರೆ ರೋಗಿ ಉಪ್ಪಿಟ್ಟು ತಿಂದು ಬಂದು ಬರಿಗೈಯಲ್ಲಿ ಮರಳುತ್ತಾನೆ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಅಂದಿನ ಔಷಧಿಯ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕೆಂಬ ಸೂಚನೆಯೂ ಅಲ್ಲಿಯೇ ಇರಲಿ. ಔಷಧಿ ಹಾಕಿಕೊಂಡು ಉಪವಾಸವಿದ್ದರೆ ಸಕ್ಕರೆ ಅಪಾಯಕರವಾಗಿ ಕೆಳಗಿಳಿಯಬಹುದು.

4. ಒಂದು ಪುಟದಲ್ಲಿ ಒಂದೇ ಕೆಲಸ. ಹತ್ತು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವ ಬದಲು ಒಂದೊಂದಾಗಿ ಕೇಳಿರಿ. ಅಗತ್ಯವಿಲ್ಲದ್ದನ್ನು ಕೇಳಲೇಬೇಡಿರಿ.

5. ಕಪ್ಪು ಅಕ್ಷರ, ಬಿಳಿ ಹಿನ್ನೆಲೆ, ದೊಡ್ಡ ಗಾತ್ರ. ಬೆರಳಿನಿಂದ ಹಿಗ್ಗಿಸಿದಾಗ ಪುಟ ಒಡೆದುಹೋಗದಂತಿರಲಿ.

6. ತಪ್ಪಾದಾಗ ‘ತಪ್ಪು ಮಾಹಿತಿ’ ಎಂದಷ್ಟೇ ಗದರಿಸಬೇಡಿರಿ. ‘ಫೋನ್ ನಂಬರಿನಲ್ಲಿ 9 ಅಂಕೆಗಳಿವೆ, 10 ಬೇಕು’ ಎಂದು ತಿಳಿಸಿರಿ. ಸರಿಯಾಗಿ ತುಂಬಿದ್ದನ್ನು ಅಳಿಸಬೇಡಿರಿ.

7. ಸಮಯದ ಮಿತಿ ಅನಿವಾರ್ಯವಾದರೆ ಮೊದಲೇ ಹೇಳಿರಿ. ಇನ್ನಷ್ಟು ಸಮಯ ಬೇಕೆನ್ನುವವರಿಗೆ ಕೊಡಿರಿ.

8. ಚಿತ್ರಗಳಿಗೆ ಒಂದು ಸಾಲಿನ ಬರಹದ ವಿವರಣೆ ಸೇರಿಸಿರಿ. ವಿಡಿಯೋಗಳಲ್ಲಿ ಮಾತನ್ನು ಅಕ್ಷರದಲ್ಲಿಯೂ ತೋರಿಸಿರಿ, ಕಿವಿ ಕೇಳದವರೂ ಇದ್ದಾರೆ.

9. ಪುಟ ಹಗುರಾಗಿರಲಿ. ಹಳ್ಳಿಯ ಅಂಚಿನ ಹೊಲದಲ್ಲಿ ಸಿಗುವ ದುರ್ಬಲ ಸಿಗ್ನಲ್ಲಿನಲ್ಲೂ ತೆರೆಯಬೇಕು. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಯಾಕೊಬ್ ನೀಲ್ಸನ್ ಅವರ ಪ್ರಕಾರ 10 ಸೆಕೆಂಡ್ ಮೀರಿದರೆ ಮನುಷ್ಯನ ಗಮನ ಬೇರೆಡೆಗೆ ಹೊರಳುತ್ತದೆ.

10. ವೆಬ್‌ಸೈಟ್ ಎಷ್ಟೇ ಚೆನ್ನಾಗಿದ್ದರೂ ಕಿಟಕಿಯ ಬಳಿ ಚೀಟಿ ಕೊಡುವ ಮನುಷ್ಯನನ್ನು ತೆಗೆಯಬೇಡಿರಿ. ಬಳಸಲಾಗದವರಿಗೆ ಆ ದಾರಿ ತೆರೆದೇ ಇರಲಿ.

ಪರೀಕ್ಷೆ ಬಹಳ ಅಗ್ಗ

ಔಷಧಿಯನ್ನು ಮಾರುಕಟ್ಟೆಗೆ ಬಿಡುವ ಮೊದಲು ಪರೀಕ್ಷಿಸುತ್ತಾರೆ. ವೆಬ್‌ಸೈಟಿಗೂ ಹಾಗೆಯೇ ಆಗಬೇಕು. ಇದಕ್ಕೆ ದೊಡ್ಡ ಖರ್ಚಿಲ್ಲ. ಐದು ಮಂದಿಯ ಮೇಲೆ ಪರೀಕ್ಷಿಸಿದರೆ ಹೆಚ್ಚಿನ ದೋಷಗಳು ಬಯಲಿಗೆ ಬರುತ್ತವೆ ಎಂದು ನೀಲ್ಸನ್ 2000ದಲ್ಲಿ ಬರೆದರು. ಕನ್ನಡಕ ಹಾಕುವ ಅಜ್ಜಿ, ಕೈನಡುಗುವ ಹಿರಿಯರು, ಕಡಿಮೆ ಓದಿದ ಕೂಲಿಕಾರರು, ಅಂಗವಿಕಲರೊಬ್ಬರು, ಚಿಕ್ಕ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿ ಇಂಥ ಐದು ಜನರನ್ನು ಆರಿಸಿಕೊಳ್ಳಿರಿ. ‘ನಾಳೆಗೆ ಕಣ್ಣಿನ ವೈದ್ಯರ ಚೀಟಿ ತೆಗೆಯಿರಿ’ ಎಂದು ಹೇಳಿ ಮೊಬೈಲ್ ಕೊಡಿರಿ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿರಿ. ‘ಅಲ್ಲಿ ಒತ್ರಿ, ಇಲ್ಲಿ ಒತ್ರಿ’ ಎಂದು ಹೇಳಿಕೊಡಬಾರದು. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ಪುಟಕ್ಕೆ ಚಿಕಿತ್ಸೆ ಬೇಕು ಎಂದು ತಿಳಿಯಿರಿ.

ಮನೆಯವರು ಏನು ಮಾಡಬಹುದು?

ಮೊದಲು ಹಿರಿಯರ ಕಣ್ಣು ಪರೀಕ್ಷೆ ಮಾಡಿಸಿರಿ. ಎಷ್ಟೋ ಸಲ ‘ಮೊಬೈಲ್ ಬರುವುದಿಲ್ಲ’ ಎನ್ನುವ ಸಮಸ್ಯೆ ಸರಿಯಾದ ಕನ್ನಡಕದಿಂದಲೋ ಪೊರೆಯ ಶಸ್ತ್ರಚಿಕಿತ್ಸೆಯಿಂದಲೋ ಅರ್ಧ ಕಡಿಮೆಯಾಗುತ್ತದೆ. ಹಠಾತ್ತಾಗಿ ದೃಷ್ಟಿ ಮಸುಕಾದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ, ಕೂಡಲೇ ವೈದ್ಯರನ್ನು ಕಾಣಿರಿ. ಮೊದಲು ಸರಾಗವಾಗಿ ಮೊಬೈಲ್ ಬಳಸುತ್ತಿದ್ದವರು ಈಗ ಪರಿಚಿತ ಕೆಲಸವನ್ನೇ ಮರೆಯತೊಡಗಿದರೆ ಅದೂ ತಪಾಸಣೆಗೆ ಯೋಗ್ಯ.

ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸುವ, ಪರದೆಯನ್ನು ಹಿಗ್ಗಿಸುವ, ಬರಹವನ್ನು ಓದಿ ಹೇಳುವ ಸೌಲಭ್ಯಗಳಿವೆ. ಐದು ನಿಮಿಷ ಕುಳಿತು ಹೊಂದಿಸಿಕೊಡಿರಿ. ಬೆರಳು ಒಣಗಿದ್ದರೆ ತುಸು ತೇವ ಮಾಡಿಕೊಂಡು ಮೆಲ್ಲಗೆ ಮುಟ್ಟಲು ಹೇಳಿರಿ. ಟೈಪ್ ಮಾಡಲಾಗದವರು ಕನ್ನಡದಲ್ಲಿ ಮಾತನಾಡಿ ಅಕ್ಷರ ಮೂಡಿಸಬಹುದು. ಕೈಯಿಂದ ಕಸಿದುಕೊಳ್ಳದೆ, ಪಕ್ಕದಲ್ಲಿ ಕುಳಿತು ಅವರ ಬೆರಳಿನಿಂದಲೇ ಮಾಡಿಸಿರಿ.

ಒಂದು ಎಚ್ಚರಿಕೆ. ಪುಟ ಕಷ್ಟವಾದಾಗ ಜನ ಗೂಗಲ್‌ನಲ್ಲಿ ಸಹಾಯವಾಣಿ ಹುಡುಕುತ್ತಾರೆ. ವಂಚಕರು ಕಾದಿರುವುದು ಅಲ್ಲಿಯೇ. ನಕಲಿ ನಂಬರಿಗೆ ಕರೆ ಮಾಡಿದವರಿಂದ ಗುಪ್ತಸಂಖ್ಯೆ ಪಡೆದು ಬ್ಯಾಂಕಿನ ಹಣ ದೋಚುತ್ತಾರೆ. ಫೋನಿನಲ್ಲಿ ಕೇಳಿದವರಿಗೆ ಗುಪ್ತಸಂಖ್ಯೆ ಹೇಳಬಾರದು. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಎರಡು ಪ್ರಶ್ನೆಗಳು

*ಎದೆನೋವು ಬಂದಾಗ ಆನ್‌ಲೈನಿನಲ್ಲಿ ವೈದ್ಯರ ಸಲಹೆ ಪಡೆಯಬಹುದೆ?*

ಬೇಡ. 2020ರ ಏಪ್ರಿಲ್‌ನಲ್ಲಿ ಸಾರ್ವಜನಿಕರಿಗೆ ತೆರೆದ ಇ-ಸಂಜೀವನಿಯಂಥ ಸೇವೆಗಳು ಸಾಮಾನ್ಯ ಕಾಯಿಲೆಗಳಿಗೆ, ಮರುಭೇಟಿಗೆ ಅನುಕೂಲ. ಎದೆನೋವು, ಉಸಿರುಗಟ್ಟುವುದು, ಮುಖ ಓರೆಯಾಗುವುದು, ಒಂದು ಕೈಕಾಲಿನಲ್ಲಿ ಶಕ್ತಿ ಕುಂದುವುದು ಇಂಥ ಸಂದರ್ಭಗಳಲ್ಲಿ ಪರದೆಯ ಮುಂದೆ ಒಂದು ನಿಮಿಷವೂ ಕಳೆಯದೆ 108ಕ್ಕೆ ಕರೆ ಮಾಡಿರಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ.

*ವೆಬ್‌ಸೈಟ್ ಬಳಸಲಾಗದಿದ್ದರೆ ದೂರು ಕೊಡುವ ಹಕ್ಕು ಇದೆಯೆ?*

ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ತಂತ್ರಜ್ಞಾನವೂ ಅಂಗವಿಕಲರಿಗೆ ಎಟುಕುವಂತಿರಬೇಕು ಎನ್ನುತ್ತದೆ. ಸರಕಾರಿ ವೆಬ್‌ಸೈಟುಗಳಿಗೆ 2009ರಿಂದಲೇ ಮಾರ್ಗಸೂಚಿಗಳಿವೆ. ಬ್ಯಾಂಕಿನ ಗುರುತು ಪರೀಕ್ಷೆಯಲ್ಲಿ ಮೊಬೈಲಿನ ಮುಂದೆ ಕಣ್ಣು ಮಿಟುಕಿಸಬೇಕೆಂಬ ನಿಯಮದಿಂದ ತೊಂದರೆಗೆ ಒಳಗಾದ ಆಸಿಡ್ ದಾಳಿಯ ಸಂತ್ರಸ್ತರು ಮತ್ತು ದೃಷ್ಟಿಹೀನರ ಅರ್ಜಿಗಳ ಮೇಲೆ ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪು ನೀಡಿತು. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಅದು ಹೇಳಿತು. ಸೌಜನ್ಯದಿಂದ, ಬರವಣಿಗೆಯಲ್ಲಿ ಸಂಸ್ಥೆಗೆ ತಿಳಿಸಿರಿ. ಎಲ್ಲಿ ನಿಂತಿತು, ಏನು ಕಾಣಿಸಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ದವಾಖಾನೆಯ ಮೆಟ್ಟಿಲು ಎತ್ತರವಾಗಿದ್ದರೆ ಮುದುಕರಿಗೆ ಹತ್ತಲು ಬರುವುದಿಲ್ಲವೆಂದು ಯಾರೂ ಬೈಯುವುದಿಲ್ಲ. ಪಕ್ಕದಲ್ಲಿ ಇಳಿಜಾರು ಕಟ್ಟಿಸುತ್ತಾರೆ, ಹಿಡಿದುಕೊಳ್ಳಲು ಕಂಬಿ ಹಾಕಿಸುತ್ತಾರೆ. ವೆಬ್‌ಸೈಟ್ ಕೂಡ ಇಂದು ದವಾಖಾನೆಯ ಮೆಟ್ಟಿಲೇ. ನಿಮ್ಮ ಮನೆಯ ಹಿರಿಯರು ಅದರ ಮುಂದೆ ತಡವರಿಸಿದರೆ ಅವರ ಮೇಲೆ ಸಿಡುಕಬೇಡಿ. ಅಕ್ಷರ ದೊಡ್ಡದು ಮಾಡಿಕೊಡಿ, ಕನ್ನಡಕ ನೋಡಿಸಿ, ಸಂಸ್ಥೆಗೆ ಒಂದು ಪತ್ರ ಬರೆಯಿರಿ.